ಕಿವಿಗಿಟ್ಟು ನೋಡದ ಉಳಿ

ಚಿಕ್ಕಪ್ಪ ಯಾವ ಉಳಿಯನ್ನೂ ಬರೀ ಕಣ್ಣಿನಿಂದ ನೋಡಿ ನಂಬಿದವರಲ್ಲ. ಕಿವಿಯ ಹತ್ತಿರ ಹಿಡಿದು, ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಚಿನಕುರಳಿ ಸುತ್ತಮುತ್ತ ಕಲ್ಲು ಒಡೆಯುವವರೆಲ್ಲ ಮೊಂಡಾದ ಉಳಿಯನ್ನು ಕಾಯಿಸಿ ಹದ ಹಾಕಿಸಲು ಅವರ ಕುಲುಮೆಗೇ ಬರುತ್ತಿದ್ದರು. ಒಳಗೆ ಬಿರುಕಿದೆ ಎನಿಸಿದರೆ ಎಷ್ಟು ಗೋಗರೆದರೂ ಅವರು ಮುಟ್ಟುತ್ತಿರಲಿಲ್ಲ. "ಬಿರುಕ ಮುಚ್ಕೊಂಡು ಹದ ಹಾಕುದ್ರೆ ನಾಳೆ ನಿನ್ ಕಣ್ಗೇ ಬಂದು ಬಡೀತದೆ ಕಣ್ಲಾ, ತಗೊಂಡೋಗು" ಎನ್ನುತ್ತಿದ್ದರು. ನನಗೆ ಹಲ್ಲುನೋವು ಬಂದಾಗಲೂ "ತೆಗಿ ಬಾಯ, ತಟ್ಟಿ ನೋಡ್ತೀನಿ" ಎಂದು ಸುತ್ತಿಗೆ ಎತ್ತಿದವರು ಅವರು.

ಸಂಜೆ ಕೆಲಸ ಮುಗಿದ ಮೇಲೆ ಕಲ್ಲುಕೆಲಸದವರ ಜೊತೆ ಒಂದು ಚಿಲುಮೆ ಗಾಂಜಾ ಸೇದುತ್ತಿದ್ದುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. 'ಸೊಪ್ಪು' ಎಂದು ನಕ್ಕು ಸುಮ್ಮನಾಗುತ್ತಿದ್ದೆವು. ತೊಂಬತ್ತರ ದಶಕದ ಮೊದಲಲ್ಲಿ ಚಿಕ್ಕಮ್ಮ ತೀರಿಕೊಂಡರು. ಆಮೇಲೆ ನಗುವ ಹಾಗಿರಲಿಲ್ಲ. ಚಿಲುಮೆ ಬೆಳಿಗ್ಗೆಯೇ ಹೊತ್ತಿಕೊಳ್ಳುತ್ತಿತ್ತು, ಕುಲುಮೆ ಮಧ್ಯಾಹ್ನವಾದರೂ ತಣ್ಣಗಿರುತ್ತಿತ್ತು. ಮುದ್ದೆ ತಟ್ಟೆಯಲ್ಲೇ ಒಣಗುತ್ತಿತ್ತು. "ಎದ್ದು ಏನ್ ಮಾಡ್ಬೇಕ್ಲಾ?" ಎಂದು ನನ್ನನ್ನು ಕೇಳುತ್ತಿದ್ದರು, ನಿಜವಾಗಿಯೂ ಉತ್ತರ ಬೇಕೆಂಬಂತೆ. ನನಗೆ ಭಯವಾಗುತ್ತಿತ್ತು.

ನಾನು ಸೊಸೈಟಿಯಲ್ಲಿ ಗುಮಾಸ್ತ. ಕಚೇರಿ, ಆಸ್ಪತ್ರೆ ಎಂದರೆ ಮನೆಯವರೆಲ್ಲರ ಪರವಾಗಿ ಮಾತಾಡುವುದು ನನ್ನ ಕೆಲಸ. ಅವರನ್ನು ಪಾಂಡವಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಬೀಡಿ, ಹೆಂಡ, ಗಾಂಜಾ ಏನಾದ್ರೂ ಅಭ್ಯಾಸ ಇದೆಯಾ?" ಎಂದು ಡಾಕ್ಟರು ಕೇಳಿದರು. ಚಿಕ್ಕಪ್ಪ ಬಾಯಿ ತೆರೆದರು. ಪಕ್ಕದಲ್ಲಿ ಮಾತ್ರೆ ಎಣಿಸುತ್ತಿದ್ದ ಕಾಂಪೌಂಡರು ಕೆ.ಆರ್. ಪೇಟೆಯವರು, ಅವರ ತಮ್ಮನಿಗೆ ಚಿಕ್ಕಪ್ಪನ ಮಗಳು ರತ್ನಳನ್ನು ಕೊಡುವ ಮಾತು ನಡೆದಿತ್ತು. "ಬೀಡಿ ಅಷ್ಟೇ ಸಾರ್, ನಿದ್ದೆ ಸರಿಯಾಗಿ ಬರಲ್ಲ" ಎಂದು ನಾನೇ ಹೇಳಿಬಿಟ್ಟೆ. ಚಿಕ್ಕಪ್ಪ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಡಾಕ್ಟರು ನಿದ್ದೆಗೆ ಮಾತ್ರೆ ಬರೆದರು. ಏನೋ ಜಾಣತನ ಮಾಡಿದೆನೆಂದುಕೊಂಡು ನಾನು ಬಸ್ಸು ಹತ್ತಿದೆ.

ಮಾತ್ರೆ, ಸೊಪ್ಪು ಎರಡೂ ಸೇರಿ ಅವರನ್ನು ಇನ್ನಷ್ಟು ಮಂಕು ಮಾಡಿದವು. ಹದಿನೈದು ದಿನದ ಮೇಲೆ ಕಲ್ಲುಕೆಲಸದ ಕೆಂಪಣ್ಣನ ಉಳಿಯನ್ನು ಕಿವಿಗಿಡದೆ ಹದ ಹಾಕಿ ಕೊಟ್ಟರು. ಮಾರನೆಯ ದಿನ ಅದು ಚೂರು ಸಿಡಿದು ಅವನ ಹುಬ್ಬು ಸೀಳಿತು. ಕೂದಲೆಳೆಯಲ್ಲಿ ಕಣ್ಣು ಉಳಿಯಿತು. ಹಣೆಗೆ ಟವೆಲ್ ಒತ್ತಿಕೊಂಡು ಕುಲುಮೆಗೆ ಬಂದವನು ಬೈಯಲಿಲ್ಲ. "ಕಿವಿಗಿಟ್ ನೋಡ್ಲಿಲ್ವಾ ಆಚಾರ್ರೆ?" ಎಂದಷ್ಟೇ ಕೇಳಿದ.

ಅವನು ಹೋದ ಮೇಲೆ ಚಿಕ್ಕಪ್ಪ ಸಣ್ಣ ಸುತ್ತಿಗೆಯನ್ನು ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟರು. "ಇದ್ ನಿನ್ತಾವೇ ಇರ್ಲಿ. ರತ್ನುನ್ನ ನೋಡ್ಕೊ."

"ನೀವೆಲ್ಗೋಯ್ತೀರಾ ಚಿಕ್ಕಪ್ಪ?" ಎಂದೆ. ನಾನೂ ರತ್ನಳೂ ಬೆಳಗಾಗುವವರೆಗೆ ಅವರ ಪಕ್ಕ ಬಿಟ್ಟು ಕದಲಲಿಲ್ಲ. ಮೊದಲ ಬಸ್ಸಿಗೆ ಮತ್ತೆ ಪಾಂಡವಪುರಕ್ಕೆ ಹೊರಟೆವು. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: "ಈ ಸಲ ನೀನ್ ಬಾಯ್ಬುಡ್ಬೇಡ."

ಕಾಂಪೌಂಡರು ಅಲ್ಲೇ ಇದ್ದರು. ಚಿಕ್ಕಪ್ಪ ಅವರನ್ನೂ ಒಮ್ಮೆ ನೋಡಿ ಡಾಕ್ಟರ ಕಡೆ ತಿರುಗಿದರು. "ಸ್ವಾಮಿ, ಓದ್ಸಲ ಈ ಹುಡ್ಗ ಸುಳ್ ಯೋಳ್ದ. ನಾನು ಸೊಪ್ ಸೇದ್ತೀನಿ, ದಿನಕ್ ಆರೇಳು ಚಿಲುಮೆ. ಬದುಕೋದೇ ಬ್ಯಾಡ ಅನ್ನಿಸ್ತಾ ಅದೆ."

ಮಾತ್ರೆ ಎಣಿಸುವ ಕೈ ನಿಂತಿತು. ಡಾಕ್ಟರು ಪೆನ್ನು ಕೆಳಗಿಟ್ಟು, "ಯಾರೂ ಬೈಯೋದಿಲ್ಲ ಆಚಾರ್ರೆ, ಹೇಳಿ. ಯಾವಾಗಿನಿಂದ ಹೀಗಾಗ್ತಿದೆ?" ಎಂದರು. ಎಲ್ಲ ಕೇಳಿಕೊಂಡು ಆವತ್ತೇ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು.

ಮದುವೆ ಮಾತಿಗೆ ಕೆ.ಆರ್. ಪೇಟೆಯಿಂದ ಮತ್ತೆ ಯಾರೂ ಬರಲಿಲ್ಲ. ನಾನು ತಲೆ ತಗ್ಗಿಸಿ ನಿಂತಾಗ ರತ್ನ "ಅಪ್ಪ ಉಳ್ಕಂಡ್ರಲ್ಲ, ಬುಡಣ್ಣ" ಎಂದು ಒಲೆಯ ಕಡೆ ತಿರುಗಿದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಚಿಕ್ಕಪ್ಪ ಮೈಸೂರಿನಿಂದ ಬಂದು ಸುತ್ತಿಗೆ ವಾಪಸು ಕೇಳಿದ ದಿನ ನನಗಾದ ಸಂತೋಷ ಹೇಳತೀರದು. ಆಮೇಲೆ ಐದು ವರ್ಷ ಇದ್ದರು. ಸೊಪ್ಪು ಒಂದೆರಡು ಸಲ ಮತ್ತೆ ಅಂಟಿಕೊಂಡಿತು. ಆಗೆಲ್ಲ ತಾವೇ ಹೋಗಿ ಡಾಕ್ಟರಿಗೆ ಹೇಳಿ ಬಂದರು. ಕೊನೆಗೆ ಹಾಸಿಗೆ ಹಿಡಿಸಿದ್ದು ಎದೆಯ ಕಾಯಿಲೆ. ನೋಡಲು ಹೋದಾಗ ಒಂದು ಉಳಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿದರು. "ಅದೆಯಾ ಬಿರುಕು?"

"ಗೊತ್ತಾಗ್ಲಿಲ್ಲ ಚಿಕ್ಕಪ್ಪ."

"ಆಂ, ಅಂಗನ್ನು. ಗೊತ್ತಾಗ್ದೆ ಚೆನ್ನಾಗದೆ ಅನ್ಬೇಡ."

ಎಂಟು ದಿನಕ್ಕೆ ಹೋಗಿಬಿಟ್ಟರು. ತಿಥಿ ಮುಗಿದ ಮೇಲೆ ರತ್ನ ಆ ಸಣ್ಣ ಸುತ್ತಿಗೆಯನ್ನು ತಂದು ನನ್ನ ಕೈಗಿಟ್ಟಳು. ಅದು ಮೊದಲ ಸಲ ನನ್ನ ಕೈಗೆ ಬಂದ ದಿನ ನೆನಪಾಗಿ, ಅವರ ಹಾಗೆಯೇ ಪಂಚೆಯ ತುದಿಯಿಂದ ಅದನ್ನು ಒರೆಸಿದೆ.