ಮುಂದಿನ ಸೀಟಿನ ಕೆಳಗಿನ ಪೆಟ್ಟಿಗೆ

ಪೀರಸಾಬರನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು, ಅದೂ ನನ್ನ ಮೇಲೆ. ಅವರು ಗದಗದ ಕಡೆಯವರು. ಮುಂಬಯಿಯ ಭಾಂಡುಪ್‌ನಲ್ಲಿ ತಗಡಿನ ಗ್ಯಾರೇಜು, ಜೊತೆಗೆ ನಮ್ಮ ಶಾಲೆಯ ವ್ಯಾನ್ ಓಡಿಸುವ ಕೆಲಸ. ಎರಡೂ ಕಾಲಿಗೆ ಪೋಲಿಯೋ ಬಡಿದ ನನ್ನನ್ನು ಸಾಲುಮನೆಗಳ ಚಾಳಿನ ಬಾಗಿಲಿನಿಂದ ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸುವಾಗ "ಹಗೂರ, ಹಗೂರ" ಎಂದು ತಮಗೇ ಹೇಳಿಕೊಳ್ಳುತ್ತಿದ್ದರು.

ಶಾಲೆ ಇದ್ದದ್ದು ಗೋರೆಗಾಂವಿನಲ್ಲಿ. ಲೋಕಲ್ ರೈಲಿನಲ್ಲಿ ಹೋಗಬೇಕೆಂದರೆ ದಾದರ್‌ವರೆಗೆ ಹೋಗಿ, ಬ್ರಿಜ್ ಹತ್ತಿಳಿದು, ಇನ್ನೊಂದು ಲೈನಿನ ಗಾಡಿ ಹಿಡಿಯಬೇಕು. ಕಾಲಿದ್ದವರೇ ಹೈರಾಣಾಗುವ ದಾರಿ ಅದು. ವ್ಯಾನ್ ನಿಂತರೆ ನನ್ನ ಓದೂ ನಿಂತಂತೆ. ಇದು ನನಗೂ ಗೊತ್ತಿತ್ತು, ಅಪ್ಪನಿಗೂ, ಪೀರಸಾಬರಿಗೂ.

ಯಾವುದೋ ವಿದೇಶಿ ಕಚೇರಿಯವರು ಹತ್ತು ವರ್ಷ ಓಡಿಸಿ ದಾನ ಕೊಟ್ಟ ಜಪಾನಿನ ವ್ಯಾನ್ ಅದು. ನನ್ನ ಸೀಟಿನ ಕೆಳಗೆ ಟಿಫಿನ್ ಡಬ್ಬಿಯಷ್ಟಿನ ಒಂದು ಪೆಟ್ಟಿಗೆ ಇತ್ತು. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ನಿರ್ಧರಿಸುವ ಕಂಪ್ಯೂಟರ್. ೧೯೯೧ರ ಮಾತು, ನಮ್ಮ ಚಾಳಿನಲ್ಲಿ ಯಾರೂ ಕಂಪ್ಯೂಟರ್ ಎಂಬುದನ್ನು ಕಣ್ಣಾರೆ ಕಂಡಿರಲಿಲ್ಲ. ಪೀರಸಾಬರು ಅದನ್ನು "ಗಾಡಿ ತಲಿ" ಎನ್ನುತ್ತಿದ್ದರು.

ದಸರೆಗೆ ಅವರ ಗ್ಯಾರೇಜಿನಲ್ಲಿ ಖಂಡೆ ಪೂಜೆ, ಅಂದರೆ ಆಯುಧಪೂಜೆ, ತಪ್ಪುತ್ತಿರಲಿಲ್ಲ. ಅನ್ನ ಕೊಡುವ ಸಾಮಾನಿಗೆ ಕೈ ಮುಗಿಯಲು ಯಾವ ಜಾತಿಯಾದರೇನು ಎನ್ನುವ ಮನುಷ್ಯ. ಆ ವರ್ಷವೂ ನಟ್ಟು ತಿರುಗಿಸುವ ಪಾನಾ, ಜಾಕು, ಸ್ಟೀರಿಂಗು ಎಲ್ಲಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಎಲ್ಲದಕ್ಕೂ ಆಯ್ತು, ತಲೆಗೇ ಪೂಜೆ ಇಲ್ವಲ್ಲ ಚಾಚಾ?" ಎಂದೆ. ಅವರು ನಕ್ಕು, ಸೀಟು ಎತ್ತಿ, ಪೆಟ್ಟಿಗೆಗೂ ಕುಂಕುಮ ಹಚ್ಚಿ, ಉಳಿದ ಕಾಯಿನೀರನ್ನೆಲ್ಲ ಅದರ ಮೇಲೆ ಸುರಿದರು. ನಾನು ಚಪ್ಪಾಳೆ ತಟ್ಟಿದೆ.

ಡಿಸೆಂಬರಿನಲ್ಲಿ ವ್ಯಾನ್ ಪವಯಿ ರಸ್ತೆಯ ನಡುವೆ ನಿಂತಿತು. ಹಿಂದೆ ಲಾರಿಗಳ ಹಾರ್ನು, ಒಳಗೆ ಹನ್ನೊಂದು ಮಕ್ಕಳ ಅಳು. ಮರುದಿನ ಮತ್ತೆ ನಿಂತಿತು. ಪೀರಸಾಬರು ಪ್ಲಗ್ ಬದಲಿಸಿದರು, ಪೆಟ್ರೋಲ್ ಪಂಪು ಬದಲಿಸಿದರು, ಫಿಲ್ಟರ್ ಬದಲಿಸಿದರು. ಮೂರನೆಯ ಸಲ ನಿಂತಾಗ ಶಾಲೆಯ ಕಾರ್ಯದರ್ಶಿ ವೆಂಕಟಸುಬ್ಬಯ್ಯನವರು ಖಡಾಖಂಡಿತವಾಗಿ ಹೇಳಿದರು: "ಸೋಮವಾರದೊಳಗೆ ಸರಿಹೋಗದಿದ್ರೆ ಗುಜರಿಗೆ ಹಾಕ್ತೀವಿ. ದೂರದ ಮಕ್ಕಳು ಮನೇಲೇ ಓದ್ಕೊಳ್ಳಲಿ." ಅಂದು ಅಮ್ಮ ನನ್ನ ಯೂನಿಫಾರ್ಮನ್ನು ಒಗೆದು ಟ್ರಂಕಿನೊಳಗೆ ಇಟ್ಟುಬಿಟ್ಟಳು.

ಮರುದಿನ ಗ್ಯಾರೇಜಿನಲ್ಲಿ, ನನ್ನ ಸೀಟಿನಲ್ಲೇ ಕೂತು, "ಗುಂಡಿಗೆ ಬಿದ್ದಾಗೆಲ್ಲ ನಿಲ್ಲುತ್ತೆ ಚಾಚಾ, ನಾನು ಎಗರಿ ಕೂತಾಗ" ಎಂದೆ. ಪೀರಸಾಬರು ನನ್ನನ್ನೇ ದಿಟ್ಟಿಸಿದರು. ನನ್ನನ್ನು ಇಳಿಸಿ, ಎಂಜಿನ್ ಚಾಲೂ ಮಾಡಿ, ಒಂದೊಂದೇ ವಯರನ್ನು ಅಲುಗಿಸುತ್ತ ಬಂದು, ಕೊನೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಪೆಟ್ಟಿಗೆಯ ಮೇಲೆ ಮೆಲ್ಲಗೆ ಬಡಿದರು. ಎಂಜಿನ್ ನಿಂತಿತು. ಮತ್ತೆ ಚಾಲೂ ಮಾಡಿ ಬಡಿದರು, ಮತ್ತೆ ನಿಂತಿತು. ಮುಚ್ಚಳ ಬಿಚ್ಚಿದರೆ ಒಳಗಿನ ಸರ್ಕ್ಯೂಟ್ ಹಲಗೆಯ ತುಂಬ ಹಸಿರು ಕಿಲುಬು, ಅಂಚಿನಲ್ಲಿ ಒಣಗಿದ ಕುಂಕುಮ. ಅವರು ಉಗುರಿನಿಂದ ಆ ಕುಂಕುಮವನ್ನು ಕೆರೆದು ನೋಡಿದರು. ದಸರೆಯ ಕಾಯಿನೀರು ಎಂದು ಇಬ್ಬರಿಗೂ ಅರ್ಥವಾಗಿತ್ತು.

ರೇಡಿಯೋ ರಿಪೇರಿಯವನು ಬೆಸುಗೆ ಹಾಕಿಕೊಟ್ಟದ್ದು ಒಂದೇ ದಿನ ಬಾಳಿತು. ಉಳಿದದ್ದು ಮೂರು ದಿನ. ಪೀರಸಾಬರು ಆ ಪೆಟ್ಟಿಗೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಕುರ್ಲಾದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರು. ಪೆಟ್ಟಿಗೆಯ ಬೆನ್ನಿನ ಮೇಲೆ ಅಚ್ಚಾದ ನಂಬರ್ ಬದಲಿ ಪೆಟ್ಟಿಗೆಯಲ್ಲೂ ಅದೇ ಇರಬೇಕು; ಒಂದು ಅಕ್ಷರ ಬೇರೆಯಾದರೂ ಎಂಜಿನ್ ಒಪ್ಪುವುದಿಲ್ಲ. ಮೊದಲ ದಿನ ಬರಿಗೈ. ಎರಡನೆಯ ದಿನ ಸಿಕ್ಕಿದ್ದನ್ನು ಹಾಕಿದರೆ ಬರೀ ಕಪ್ಪು ಹೊಗೆ. ಅವರ ಹೆಂಡತಿ ತಾಜಬಿ ನಮ್ಮ ಮನೆಗೆ ಬಂದು, "ಎರಡು ದಿನ ಆತು, ಒಂದ್ ತುತ್ತು ತಿಂದಿಲ್ಲರಿ" ಎಂದು ಕಣ್ಣೊರೆಸಿಕೊಂಡಳು.

ಭಾನುವಾರ ಮಧ್ಯಾಹ್ನ, ಲಾರಿಗೆ ಸಿಕ್ಕಿ ನಜ್ಜುಗುಜ್ಜಾದ ಅಂಥದೇ ವ್ಯಾನಿನೊಳಗೆ ಸರಿಯಾದ ನಂಬರ್ ಸಿಕ್ಕಿತು. ಪೀರಸಾಬರು ಬ್ಯಾಟರಿ ಬಿಚ್ಚಿಟ್ಟು, ಕೈ ತೊಳೆದು ಒರೆಸಿಕೊಂಡು, ಮಗುವಿಗೆ ಅಂಗಿ ತೊಡಿಸುವ ಹಾಗೆ ಅದನ್ನು ಕೂರಿಸಿದರು. ಬ್ಯಾಟರಿ ಮತ್ತೆ ಜೋಡಿಸಿ ಕೀಲಿ ತಿರುವಿದರು. ಎಂಜಿನ್ ಚಾಲೂ ಆಯಿತು. ಎಷ್ಟು ಬಡಿದರೂ ನಿಲ್ಲಲಿಲ್ಲ. ನಾನು ಗೊಳೋ ಎಂದು ಅತ್ತೆ.

ಸೋಮವಾರ ಶಾಲೆಯ ಕಚೇರಿಯ ಮುಂದೆ ವೆಂಕಟಸುಬ್ಬಯ್ಯನವರು ಪೀರಸಾಬರು ತಂದು ತೋರಿಸಿದ ಹಳೆಯ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು.

"ಇದರೊಳಗೆ ನೀರು ಹೋಗಿದೆಯಲ್ರೀ! ಆ ಸೀಟಲ್ಲಿ ಯಾರು ಕೂರೋದು?"

ಎಲ್ಲರ ಕಣ್ಣೂ ನನ್ನ ಮೇಲೆ.

"ನೀರಿನ ಬಾಟ್ಲಿ ಚೆಲ್ಲಿದ್ದಾಳೆ. ನಾಳೆಯಿಂದ ಈ ಹುಡುಗೀನ ಹತ್ತಿಸ್ಬೇಡಿ."

ಪೀರಸಾಬರು ಮುಂದೆ ಬಂದರು. "ಅಕೀದೇನೂ ತಪ್ಪಿಲ್ಲರಿ ಸಾಹೇಬ್ರ. ಹಬ್ಬದಾಗ ನಾನ ಕಾಯಿನೀರು ಹಾಕೇನಿ. ನನಗ ತಿಳೀಲಿಲ್ಲ."

"ತಿಳೀದೇ ಇರೋರ ಕೈಗೆ ಮಕ್ಕಳನ್ನ ಕೊಡೋಕಾಗುತ್ತೇನ್ರೀ? ಕೀಲಿ ಇಟ್ಟು ಹೋಗಿ."

ತಲೆಗೂ ಪೂಜೆ ಆಗಲಿ ಎಂದು ಕೆಣಕಿದ್ದು ನಾನು. ಆ ಮಾತು ಗಂಟಲವರೆಗೆ ಬಂದಿತ್ತು. ಹೇಳಿದರೆ ಶಾಲೆ ಹೋಗುತ್ತದೆ. ಪೀರಸಾಬರು ನನ್ನತ್ತ ನೋಡಿ ಸುಮ್ಮನಿರು ಎಂಬಂತೆ ತಲೆಯಾಡಿಸಿದರು. ನಾನು ಸುಮ್ಮನಿದ್ದೆ. ಕೀಲಿ ಮೇಜಿನ ಮೇಲಿಟ್ಟು ಅವರು ಬಸ್ ಸ್ಟಾಪಿನ ಕಡೆ ನಡೆದರು. ಆರು ವಾರಗಳಲ್ಲಿ ಗ್ಯಾರೇಜು ಮುಚ್ಚಿ, ತಾಜಬಿಯ ಜೊತೆ ಊರಿಗೆ ಹೋದರಂತೆ. ನಮಗೆ ಹೇಳಿ ಹೋಗಲೂ ಬರಲಿಲ್ಲ.

ವ್ಯಾನ್ ಮತ್ತೆಂದೂ ನಿಲ್ಲಲಿಲ್ಲ. ಮರುವರ್ಷದ ದಸರೆಗೆ ಹೊಸ ಡ್ರೈವರ್ ಪರಪ್ಪ ಶಾಲೆಯ ಅಂಗಳದಲ್ಲಿ ವ್ಯಾನಿಗೆ ಕಾಯಿ ಒಡೆದು, ಒಳಗೂ ಎರಡು ಹನಿ ಇರಲಿ ಎಂದು ನನ್ನ ಸೀಟಿನ ಕಡೆ ಬಾಗಿದ. "ಬೇಡ!" ಎಂದು ಚೀರಿದೆ. ಶಾಲೆಗೆ ಶಾಲೆಯೇ ಹೊರಗೆ ಓಡಿ ಬಂತು, ವೆಂಕಟಸುಬ್ಬಯ್ಯನವರೂ ಬಂದರು. ಆ ದನಿ ನನ್ನ ಗಂಟಲಲ್ಲೇ ಇತ್ತು. ಹತ್ತು ತಿಂಗಳ ಹಿಂದೆ, ಪೀರಸಾಬರು ಕೀಲಿ ಇಟ್ಟ ದಿನವೂ ಇತ್ತು.