ಬೇಡ ಅನ್ನದ ಮಗು

ನಮ್ಮಕ್ಕ ಬಸ್ ಕಂಡಕ್ಟರ್. ಅವಳ ಗಂಟಲಿಗೆ ಡ್ರೈವರ್ ಕೂಡ ಹೆದರುತ್ತಾನೆ. ಬಾಗಿಲಲ್ಲಿ ನೇತಾಡುವ ಗಂಡಸರನ್ನು ಒಂದೇ ಕೂಗಿಗೆ ಒಳಗೆ ಹತ್ತಿಸುವವಳು, ಯಾರಿಗೂ ಜಗ್ಗುವವಳಲ್ಲ. ಅವಳ ಮಗಳಿಗೆ ಆಟಿಸಂ. ಏಳು ವರ್ಷವಾದರೂ ಮಾತಿಲ್ಲ. ಇದ್ದದ್ದು ಒಂದೇ ಸನ್ನೆ: ಒಲ್ಲದ್ದು ಎದುರಿಗೆ ಬಂದರೆ ಕೈಯಿಂದ ತಳ್ಳಿಬಿಡುವುದು. ತಟ್ಟೆಯೂ ಹಾರುತ್ತಿತ್ತು, ಒಮ್ಮೊಮ್ಮೆ ನನ್ನ ಕನ್ನಡಕವೂ. ಅಮ್ಮನ ಮಗಳೇ ಸರಿ ಎಂದು ನಗುತ್ತಿದ್ದೆವು.

ಡ್ಯೂಟಿಯ ಹೊತ್ತಿನಲ್ಲಿ ನೋಡಿಕೊಳ್ಳುವವರಿಲ್ಲದೆ ಅಕ್ಕ ಅವಳನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದಳು. ಗೋಡೆ ತುಂಬ ಚಿಟ್ಟೆಗಳ ಚಿತ್ರ, ಅಲ್ಲಿಯ ಮೇಡಂ ಬಾಯಲ್ಲಿ ಬೆಣ್ಣೆಯಂಥ ಮಾತು. ಕೆಲವೇ ತಿಂಗಳಲ್ಲಿ ಮಗು ತಳ್ಳುವುದನ್ನು ಬಿಟ್ಟಿತು. "ಹಟ ಬಿಡಿಸಿದೀವಿ," ಎಂದರು ಮೇಡಂ. ಅಕ್ಕ ಬೀಗಿದಳು. ನಾನೂ ಬೀಗಿದೆ, ಕನ್ನಡಕ ಉಳಿಯಿತಲ್ಲ!

ಒಂದು ಬೆಳಿಗ್ಗೆ ಅವಸರದಲ್ಲಿ ಅಕ್ಕ ಹಾಲನ್ನು ಆರಿಸದೆಯೇ ಕೊಟ್ಟುಬಿಟ್ಟಳು. ಮಗು ಅಷ್ಟನ್ನೂ ಕುಡಿಯಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಲೋಟ ಮಾತ್ರ ತಳ್ಳಲಿಲ್ಲ. ತುಟಿಯ ಬೊಬ್ಬೆ ಮಾಯುವವರೆಗೂ ಅಕ್ಕನಿಗೆ ನಿದ್ದೆಯಿಲ್ಲ. ಮಗುವನ್ನು ಮತ್ತೆ ಕಳಿಸಿದ ಮೊದಲ ದಿನವೇ ನನ್ನನ್ನೂ ಎಳೆದುಕೊಂಡು, ಹೇಳದೆ ಕೇಳದೆ ಕೇಂದ್ರಕ್ಕೆ ನುಗ್ಗಿದಳು.

ತಿಂಡಿಯ ಹೊತ್ತು. ಮಕ್ಕಳೆಲ್ಲ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಸಾಲಾಗಿ ಕೂತಿದ್ದವು. ಕೈ ಹೊರಗೆ ಬಂದರೆ ಆಯಾ ಸ್ಕೇಲಿನಿಂದ ಬಾರಿಸುತ್ತಿದ್ದಳು. ಬೇರೆ ಮಕ್ಕಳು ಉಗುಳಿದ, ಜೊಲ್ಲಿನಲ್ಲಿ ನೆಂದ ಬಿಸ್ಕತ್ತನ್ನೆಲ್ಲ ಬಟ್ಟಲಿಗೆ ಬಳಿದು, ನಮ್ಮ ಮಗುವಿನ ಬಾಯಿಗೆ ಚಮಚದಿಂದ ತುರುಕುತ್ತಿದ್ದಳು.

"ಏನ್ರೀ ಇದು?" ಅಕ್ಕನ ದನಿ ನಡುಗಿತು.

"ಸುಮ್ನೆ ವೇಸ್ಟ್ ಯಾಕಕ್ಕ? ಇವಳು ಏನ್ ಕೊಟ್ರೂ ಬೇಡ ಅನ್ನಲ್ಲ. ಬಂಗಾರದಂಥ ಮಗು!" ಎಂದು ಆಯಾ ನಕ್ಕಳು.

ಅಷ್ಟರಲ್ಲಿ ಮೇಡಂ ಓಡಿಬಂದರು. "ಎಷ್ಟು ಇಂಪ್ರೂವ್ ಆಗಿದಾಳೆ ಅಂತ ನೀವೇ ಹೊಗಳ್ತಿದ್ರಲ್ಲ, ಮತ್ತೇನೀಗ?"

ಥೂ! ನಾನು ಬಾಯಿಗೆ ಬಂದಂತೆ ಬೈದೆ. ಅಕ್ಕ ಮಗಳ ಬಾಯಿಗೆ ಬೆರಳು ಹಾಕಿ ಒಳಗಿದ್ದದ್ದನ್ನೆಲ್ಲ ತೆಗೆದು ಅದೇ ಬಟ್ಟಲಿಗೆ ಒದರಿ, ಮಗುವನ್ನು ಎತ್ತಿಕೊಂಡು ಹೊರಟಳು.

ಈಗ ರಜೆ ಹಾಕಿ ಮನೆಯಲ್ಲೇ ಪಾಠ ಮಾಡುತ್ತಿದ್ದಾಳೆ. ಮಗಳ ಕೈ ಹಿಡಿದು, ಅದರಿಂದ ತನ್ನ ಕೈಯನ್ನೇ ತಳ್ಳಿಸಿಕೊಳ್ಳುತ್ತಾಳೆ. "ಬೇಡ ಅನ್ನು ಕಂದ. ತಳ್ಳು, ನನ್ನನ್ನೇ ತಳ್ಳು."

ನಿನ್ನೆ ಖಾಲಿ ಚಮಚವನ್ನು ಮಗಳ ಮುಂದೆ ಹಿಡಿದು ಕೂತಳು. ಮಗು ಬಾಯಿ ತೆರೆಯಿತು.