ನಡುರಸ್ತೆಯ ಕೆಂಡ

ಉಕ್ಕಿದ ಹಾಲು ಕೆಂಡದ ಮೇಲೆ ಬಿದ್ದಾಗ ಬರುವ ವಾಸನೆ ಈಗ ಎಲ್ಲೂ ಸಿಗುವುದಿಲ್ಲ ಅಂದುಕೊಂಡಿದ್ದೆ. ಮೊನ್ನೆ ಆಳಂದದಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಸಿಕ್ಕಿತು. ಚಾ ಬಂಡಿಯವನು ಯಾರೊಡನೆಯೋ ಮಾತಿಗೆ ನಿಂತು ಒಲೆಯ ಮೇಲಿನ ಹಾಲು ಮರೆತಿದ್ದ. ಸಿಹಿ, ಕಮಟು, ಸ್ವಲ್ಪ ಹೊಗೆ... ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ನಲವತ್ತೇಳರಲ್ಲಿ ಹೈದರಾಬಾದಿನ ನನ್ನ ಓದು ಗಲಾಟೆಯಿಂದ ಅರ್ಧಕ್ಕೆ ನಿಂತಿತು. ಆಳಂದದ ವಕೀಲರೊಬ್ಬರ ಬಳಿ ಉರ್ದು ಕಾಗದಗಳನ್ನು ನಕಲು ಮಾಡುವ ಕೆಲಸಕ್ಕೆ ಸೇರಿದೆ. ಊಟ ಖಾನಾವಳಿ ಅವ್ವನಲ್ಲಿ, ವಾಸ ಅದರ ಪಕ್ಕದ ಕೋಣೆಯಲ್ಲಿ. ಅವಳ ಹೆಸರು ನನಗೆ ಗೊತ್ತೇ ಇರಲಿಲ್ಲವೋ, ಗೊತ್ತಿದ್ದು ಮರೆತೆನೋ, ಈಗ ಹೇಳಲಾರೆ. ಕೊರಳಲ್ಲಿ ಲಿಂಗದ ಕರಡಿಗೆ, ಮೊಣಕೈವರೆಗೆ ಜೋಳದ ಹಿಟ್ಟು, ಇಷ್ಟು ನಿಚ್ಚಳವಾಗಿದೆ. ಪುಂಡಿಪಲ್ಯ, ಬಿಸಿ ರೊಟ್ಟಿ, ಕಣ್ಣಲ್ಲಿ ನೀರು ತರಿಸುವ ಶೇಂಗಾ ಹಿಂಡಿ. ಉಂಡವರು ನೇರ ಎದುರಿನ ಚಾಚಾನ ಚಾ ಹೋಟೆಲಿಗೆ ದಾಟುತ್ತಿದ್ದರು.

"ಏ ಸಾಬಾ, ಎಮ್ಮಿ ಮೈ ತೊಳದ ನೀರಿಗೆ ಸಕ್ರಿ ಹಾಕಿ ಚಾ ಅಂತ ಕೊಡ್ತಿ ಏನು?" ಎಂದು ಅವ್ವ ಹೊಸ್ತಿಲಿಂದಲೇ ಕೂಗುತ್ತಿದ್ದಳು.

"ನಿಮ್ಮ ಹಿಂಡಿ ತಿಂದು ನಾಲಿಗಿ ಸುಟ್ಕೊಂಡವರಿಗಿ ಇದೇ ದವಾಖಾನಿ ಅದರಿ ಅಕ್ಕಾ," ಎನ್ನುತ್ತಿದ್ದರು ಚಾಚಾ.

ಆ ಚಾದ ರುಚಿ ಅವ್ವನಿಗೆ ಗೊತ್ತಿರಲಿಲ್ಲ. ಗಂಡಸರು ಹೊರಗೆ ಎಲ್ಲಿ ಕುಡಿದರೂ ನಡೆಯುತ್ತಿತ್ತು. ಖಾನಾವಳಿ ನಡೆಸುವವಳು ಸಾಬರ ಕಪ್ಪು-ಬಸಿಗೆ ತುಟಿ ಹಚ್ಚಿದರೆ ಅವಳ ಕೈಯ ರೊಟ್ಟಿ ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಬೆಂಕಿಗೆ ಮೈಲಿಗೆ ಹತ್ತುವುದಿಲ್ಲವೆಂದು ಅವಳ ಲೆಕ್ಕ. ದಿನಾ ನಸುಕಿನಲ್ಲಿ ತನ್ನ ಒಲೆಯ ಕೆಂಡವನ್ನು ಒಡೆದ ಗಡಿಗೆಯ ಚೂರಿನಲ್ಲಿ ತಂದು, ನಡುರಸ್ತೆಯ ಕಲ್ಲಿನ ಮೇಲಿಟ್ಟು ಹಿಂದಿರುಗುವಳು. ಚಾಚಾ ಬಂದು ಎತ್ತಿಕೊಂಡು ಹೋಗಿ ಭಟ್ಟಿ ಹೊತ್ತಿಸುವರು. ನಡುರಸ್ತೆಯಲ್ಲಿ ಕಲ್ಲು ಇರಲು ಸಾಧ್ಯವೇ, ಗಾಡಿಗಳು ಹೇಗೆ ಹೋಗುತ್ತಿದ್ದವು ಎಂದು ಈಗ ಅನುಮಾನ ಬರುತ್ತದೆ. ನನ್ನ ನೆನಪಿನಲ್ಲಂತೂ ಇದೆ.

ನಿಜಾಮರ ಪರ ಬಂದೂಕು ಹಿಡಿದವರಿಗೆ ಮೊದಲು ಹೆದರಿದವರು ಅವ್ವನ ಕಡೆಯವರು. ಗಂಟುಮೂಟೆ ಕಟ್ಟಿ ಗಡಿಯಾಚೆಯ ಸೊಲ್ಲಾಪುರದ ದಾರಿ ಹಿಡಿದರು. ಅವ್ವ ಹೋಗಲಿಲ್ಲ. ಆ ದಿನಗಳಲ್ಲಿ ಚಾಚಾ ಸಂಜೆಯಾದರೆ ತಮ್ಮ ಬೆಂಚನ್ನು ಅವಳ ಬಾಗಿಲಿಗೆ ಮುಖ ಮಾಡಿ ಹಾಕಿಕೊಂಡು ಕೂಡುತ್ತಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ನಲವತ್ತೆಂಟರ ಮಳೆಗಾಲದ ಕೊನೆಗೆ ಸೈನ್ಯ ಬಂತು, ನಿಜಾಮರ ಆಳಿಕೆ ಮುಗಿಯಿತು. ಆಗ ಹೆದರಿ ಬಾಗಿಲು ಹಾಕಿಕೊಂಡವರು ಇನ್ನೊಂದು ಕಡೆಯವರು.

ಚಾಚಾನ ಬಾಗಿಲೂ ಮುಚ್ಚಿತು. ಅವ್ವ ಕೆಂಡ ಇಡುವುದನ್ನು ಬಿಡಲಿಲ್ಲ. ಎತ್ತಿಕೊಳ್ಳುವವರಿಲ್ಲದೆ ಅದು ಕಲ್ಲಿನ ಮೇಲೆಯೇ ಬೂದಿಯಾಗುತ್ತಿತ್ತು...

ಒಂದು ಮುಂಜಾನೆ ಎದುರಿಗೆ ಎತ್ತಿನ ಗಾಡಿ ನಿಂತಿತ್ತು. ಚಾಚಾ ಹೆಂಡತಿಯೊಂದಿಗೆ ಹೈದರಾಬಾದಿನ ನೆಂಟರಲ್ಲಿಗೆ ಹೊರಟಿದ್ದರು. ಹೋದವರು ಮರಳುವುದಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು. ಬಾಗಿಲುಗಳಲ್ಲಿ ಜನ ನಿಂತಿದ್ದರು. ಅವ್ವ ಕೆಂಡ ಹಿಡಿದು ಬಂದವಳು ಕಲ್ಲಿನ ಹತ್ತಿರ ನಿಲ್ಲಲಿಲ್ಲ. ರಸ್ತೆ ದಾಟಿ ಹೋಗಿ, ತಣ್ಣಗಿದ್ದ ಭಟ್ಟಿಗೆ ತಾನೇ ಸುರಿದಳು.

"ಚಾ ಮಾಡು."

"ಅಕ್ಕಾ, ಗಾಡಿ ಹೂಡೇದ. ಹೊಂಟೇವಿ."

"ಹೋಗಾವ ಹೋಗು. ಇಷ್ಟು ವರ್ಷ ಬೆಂಕಿ ಕೊಟ್ಟೇನಿ, ಒಂದು ಚಾ ಕೇಳಿಲ್ಲ. ಈಗ ಕೇಳ್ತೇನಿ."

"ಹಾಲಿಲ್ರಿ..."

"ನನ್ನ ಮನ್ಯಾಗ ಅದ. ಏ ತಮ್ಮಾ, ಓಡು, ತಾ," ಎಂದಳು ನನಗೆ.

ಅವಳು ಬೆಂಚಿನ ಮೇಲೆ ಕುಳಿತದ್ದನ್ನೇ ನೋಡುತ್ತ ಚಾಚಾ ಹಾಲು ಉಕ್ಕಿಸಿಬಿಟ್ಟರು. ಅಥವಾ ಮೊನ್ನೆಯ ವಾಸನೆಯನ್ನು ನಾನೇ ಅಲ್ಲಿಗೆ ಸೇರಿಸುತ್ತಿದ್ದೇನೋ! ಅವ್ವ ಬಸಿಗೆ ಸುರಿದುಕೊಂಡು, ಓಣಿಗೆಲ್ಲ ಕೇಳುವಂತೆ ಸೊರ್ ಎಂದು ಕುಡಿದಳು. ಮುಖ ಸಿಂಡರಿಸಿದಳು.

"ಖರೇನ ಎಮ್ಮಿ ಮೈ ತೊಳದ ನೀರೇ ಅದಲ್ಲೋ!"

ಚಾಚಾ ನಕ್ಕರು. ನಗುತ್ತ, ಕಣ್ಣೊರೆಸಿಕೊಳ್ಳುತ್ತ ಗಾಡಿಯವನಿಗೆ ಎತ್ತು ಬಿಚ್ಚಲು ಹೇಳಿದರು.

ಮರುದಿನ ಮಧ್ಯಾಹ್ನ ಅವ್ವ ಬಡಿದ ರೊಟ್ಟಿ ಉಳಿದವು. ಅದರ ಮರುದಿನ ಇನ್ನೂ ಹೆಚ್ಚು. ಸಾಬರ ಕಪ್ಪಿನಲ್ಲಿ ದಿನಾ ಕುಡಿಯುತ್ತಿದ್ದವರೇ ಅವಳ ಪಂಕ್ತಿಗೆ ಬರುವುದನ್ನು ಬಿಟ್ಟರು. ಕೊನೆಗೆ ಉಣ್ಣಲು ಉಳಿದವರು ನಾನು ಮತ್ತು ಒಬ್ಬ ಮುದುಕ ಅಡತ್ಯ, ಕಾಳಿನ ದಲಾಲಿ.

"ಹಿಂಗ ಆಗ್ತದ ಅಂತ ಗೊತ್ತಿತ್ತಾ ಅವ್ವಾ?" ಎಂದು ಕೇಳಿದ್ದೆ.

"ಖಾನಾವಳಿ ಇಟ್ಟಾಕಿ ನಾ. ನನಗ ಗೊತ್ತಿರಲ್ಲೇನು? ಉಣ್ಣು ಸುಮ್ಕ."

ಸಂಕ್ರಾಂತಿಯ ಹೊತ್ತಿಗೆ ಅವಳು ಒಲೆ ಆರಿಸಿ ಅಂದೋಲಾದ ಮಗಳ ಮನೆಗೆ ಹೊರಟಳು. ಹೊರಡುವ ನಸುಕಿನಲ್ಲೂ ಕಲ್ಲಿನ ಮೇಲೆ ಕೆಂಡ ಇಟ್ಟಳು. ಮರುದಿನದಿಂದ ಚಾಚಾ ಸೀಮೆಎಣ್ಣೆ ಬಟ್ಟೆಗೆ ಕಡ್ಡಿ ಗೀರಿ ಭಟ್ಟಿ ಹೊತ್ತಿಸತೊಡಗಿದರು. ಗೀರುವ ಮೊದಲು ಬಾಗಿಲಿಗೆ ಬಂದು ಒಮ್ಮೆ ರಸ್ತೆ ನೋಡುತ್ತಿದ್ದರು. ನಾನು ಓದಲು ಮರಳಿದೆ. ಅವಳು ತೀರಿಕೊಂಡ ಸುದ್ದಿ ಬಹಳ ತಡವಾಗಿ ತಿಳಿಯಿತು.

ಮೊನ್ನೆ ಬಂಡಿಯವನಿಂದ ಒಂದು ಚಾ ಕೊಂಡೆ. ಬಸಿ ಇರಲಿಲ್ಲ, ಗಾಜಿನ ಲೋಟ. ಅವ್ವನಿಗೆ ಅಂದು ಆ ಚಾ ನಿಜಕ್ಕೂ ಸೇರಲಿಲ್ಲವೇ ಎಂದು ಯೋಚಿಸುತ್ತ ಕುಡಿದೆ. ಕೇಳಲು ಈಗ ಯಾರೂ ಇಲ್ಲ. ಆ ಕಲ್ಲನ್ನು ನಾನು ಕಲ್ಪಿಸಿಕೊಂಡಿರಬಹುದು, ಉಕ್ಕಿದ ಹಾಲನ್ನೂ. ಆದರೆ ಆ ಬಸಿಯನ್ನು ಅವಳ ಕೈಯಿಂದ ಇಸಿದುಕೊಂಡವನು ನಾನೇ. ಅದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.